ವೇದಿಕೆಯ ಕೆಳಗಿನ ನೀರು

ಮೇಲೆ ಹಾಡು ನಡೆಯುವಾಗ ಕೆಳಗೆ ಮೋಟರು ಹಾಕುವಂತಿಲ್ಲ. ಅದು ಆ ಸಭಾಂಗಣದ ಮೊದಲ ಕಾನೂನು.

ನಗರದಲ್ಲಿ ಅಷ್ಟು ಒಳ್ಳೆಯ ಸಭಾಂಗಣ ಇನ್ನೊಂದಿಲ್ಲ ಎನ್ನುತ್ತಿದ್ದರು. ವೇದಿಕೆಯ ಮೇಲೆ ಸೂಜಿ ಬಿದ್ದರೆ ಕೊನೆಯ ಸಾಲಿನವನಿಗೂ ಕೇಳಬೇಕು, ಹಾಗೆ ಕಟ್ಟಿಸಿದ್ದರು. ಆದರೆ ಕಟ್ಟಿಸಿದ ಜಾಗ ತಗ್ಗು. ಬೀದಿಯ ಚರಂಡಿ ಎತ್ತರದಲ್ಲಿ, ಸಭಾಂಗಣದ ಕಕ್ಕಸುಗಳು ಕೆಳಗೆ. ಆರುನೂರು ಜನರ ಹೊಲಸೆಲ್ಲ ಹರಿದು ಬಂದು ವೇದಿಕೆಯ ಅಡಿಯ ನೆಲಮಾಳಿಗೆಯ ಗುಂಡಿಯಲ್ಲಿ ನಿಲ್ಲುತ್ತಿತ್ತು. ಅದನ್ನು ಮೋಟರು ಎತ್ತಿ ಬೀದಿಗೆ ತಳ್ಳಬೇಕು. ಮೋಟರು ತಿರುಗಿದರೆ ವೇದಿಕೆಯ ಹಲಗೆ ಗುಂಯ್ ಎನ್ನುತ್ತಿತ್ತು. ಹಾಡುವವರಿಗೆ ಶ್ರುತಿ ಕೆಡುತ್ತಿತ್ತಂತೆ. ಹಾಗಾಗಿ ಕಾರ್ಯಕ್ರಮ ಶುರುವಾಗುವ ಮೊದಲು ಮೋಟರು ನಿಲ್ಲಿಸಿ, ಬದಲಿಗೆ ಇಬ್ಬರು ಹೆಂಗಸರನ್ನು ಕೆಳಗಿಳಿಸುತ್ತಿದ್ದರು.

ಅಕ್ಕ ಮತ್ತು ತಂಗಿ. ತಂಗಿಯನ್ನು ಎಲ್ಲರೂ ಚಿಕ್ಕಿ ಎನ್ನುತ್ತಿದ್ದರು. ನಲವತ್ತು ದಾಟಿದರೂ ಚಿಕ್ಕಿಯೇ. ಅಕ್ಕನಿಗೆ ಬೇರೆ ಹೆಸರಿರಲಿಲ್ಲ. ಚಿಕ್ಕಿ ಕರೆದಂತೆ ಊರೆಲ್ಲ ಅಕ್ಕ ಎಂದಿತು.

ಕೆಲಸ ಹೇಳುವುದಕ್ಕೆ ಸುಲಭ. ಗುಂಡಿಯಿಂದ ಬಕೆಟ್ಟಿನಲ್ಲಿ ನೀರು ಮೊಗೆಯಬೇಕು. ಆರು ಮೆಟ್ಟಿಲು ಹತ್ತಬೇಕು. ಮೇಲೆ ಬೀದಿಯ ಕೊಳವೆಗೆ ಸೇರುವ ಎದೆಮಟ್ಟದ ಆಳದ ತೊಟ್ಟಿ ಇದೆ. ಅದಕ್ಕೆ ಸುರಿಯಬೇಕು. ಇಳಿಯಬೇಕು. ಮತ್ತೆ ಮೊಗೆಯಬೇಕು. ತಾರಸಿ ತಗ್ಗು, ನೆಟ್ಟಗೆ ನಿಲ್ಲುವಂತಿಲ್ಲ. ಎರಡು ತಾಸು ಗೂನು ಬೆನ್ನಲ್ಲೇ. ಮೊದಲು ಕಬ್ಬಿಣದ ಬಕೆಟ್ ಇತ್ತು. ಒಮ್ಮೆ ಅದು ಮೆಟ್ಟಿಲಿಗೆ ತಾಗಿ ಠಣ್ ಎಂದಿತು. ಮರುದಿನ ರಬ್ಬರ್ ಬಕೆಟ್ ಬಂತು. ಚಪ್ಪಲಿ ಬಿಡಿಸಿದರು. ಬಳೆ ತೆಗೆಸಿದರು. ಮಾತಾಡಬಾರದು ಅಂದರು. ನೀರನ್ನು ಧೊಪ್ಪೆಂದು ಸುರಿಯಬಾರದು, ತೊಟ್ಟಿಯ ಗೋಡೆಗೆ ಹಚ್ಚಿ ಜಾರಿಸಬೇಕು ಅಂದರು. ಹೊಲಸಿಗೂ ಸದ್ದಿಲ್ಲದೆ ಹರಿಯುವುದನ್ನು ಈ ಇಬ್ಬರೇ ಕಲಿಸಬೇಕಾಗಿತ್ತು.

ಗುಂಡಿಯ ಬಾಗಿಲಿಗೆ ಹೊರಗಿನಿಂದ ಚಿಲಕ. ಆ ಬಾಗಿಲು ಕಲಾವಿದರು ಓಡಾಡುವ ಓಣಿಯಲ್ಲೇ ಇತ್ತು. ಗಾಳಿಗೆ ತೆರೆದುಕೊಂಡರೆ ನಾತ ಹೊರಡುತ್ತದೆ. ಆದ್ದರಿಂದ ಹಾಡು ಶುರುವಾಗುವ ಮೊದಲು ವಾಚ್‌ಮನ್ ತಾತ ಚಿಲಕ ಹಾಕುತ್ತಿದ್ದ. ಮಧ್ಯಂತರದಲ್ಲಿ ತೆಗೆಯುತ್ತಿದ್ದ. ಆ ಹೊತ್ತಿಗೇ ಮೇಲಿನವರೆಲ್ಲ ಕಕ್ಕಸಿಗೆ ಹೋಗುತ್ತಿದ್ದರು, ಕೆಳಗೆ ನೀರು ಏರುತ್ತಿತ್ತು. ಹೊರಗೆ ಬಂದು ಉಸಿರು ಬಿಡುವುದೂ ಒಳಗೆ ಓಡುವುದೂ ಒಂದೇ ಆಗುತ್ತಿತ್ತು.

ಅಕ್ಕ ಮಾತಿನ ಮಲ್ಲಿ. ಕೆಲಸ ಮುಗಿಸಿ ಹಿಂದಿನ ಗೇಟು ದಾಟುವವರೆಗೆ ಬಾಯಿಗೆ ಬೀಗ. ದಾಟಿದ ಮೇಲೆ ಬೀಗವೂ ಇಲ್ಲ, ಬಾಗಿಲೂ ಇಲ್ಲ.

"ಮೇಲೆ ರಾಗ, ಕೆಳಗೆ ರೋಗ ಕಣೆ ಚಿಕ್ಕಿ" ಎನ್ನುತ್ತಿದ್ದಳು. "ಅವರ ಹಾಡು ಅವರಿಗೆ ಕಿವಿಗೆ ಬೀಳುತ್ತೆ. ನಮಗೆ ತಲೆ ಮೇಲೆ ಬೀಳುತ್ತೆ. ಇವತ್ತು ಹಾಡಿದವನು ಕಾಲು ಕುಟ್ಟಿ ಕುಟ್ಟಿ ಅರ್ಧ ಮಣ್ಣು ನನ್ನ ತಲೆಗೇ ಉದುರಿಸಿದ."

ಚಿಕ್ಕಿ ನಗುತ್ತಿದ್ದಳು. ಅಕ್ಕ ಇದ್ದಲ್ಲಿ ನಗುವುದು ಕಷ್ಟವಾಗುತ್ತಿರಲಿಲ್ಲ.

ಅಕ್ಕನಿಗೆ ಕೆಮ್ಮು ಶುರುವಾಯಿತು. ಗುಂಡಿಯ ಗಾಳಿಗೆ ಬಂದ ಕೆಮ್ಮು ಔಷಧಕ್ಕೆ ಹೋಗಲಿಲ್ಲ. ಒಂದು ಸಂಜೆ ಮೇಲೆ ತಂತಿವಾದ್ಯದವನು ಒಂದೇ ತಂತಿಯನ್ನು ಮೆಲ್ಲಗೆ ಮೀಟುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. ಎರಡು ಸಲ ಕೆಮ್ಮಿದಳು. ಎರಡೇ ಸಲ.

ಕಾರ್ಯಕ್ರಮ ಮುಗಿದ ಮೇಲೆ ಮ್ಯಾನೇಜರ್ ಇಬ್ಬರನ್ನೂ ಕಾರು ನಿಲ್ಲಿಸುವ ಅಂಗಳಕ್ಕೆ ಕರೆಸಿದ. ಡ್ರೈವರುಗಳು ನಿಂತಿದ್ದರು. ಕ್ಯಾಂಟೀನಿನವರಿದ್ದರು.

"ಯಾರು ಕೆಮ್ಮಿದ್ದು?"

"ನಾನು ಸಾರ್."

"ಕೆಮ್ಮು ನೋಡೋಣ."

ಅಕ್ಕ ತಲೆ ತಗ್ಗಿಸಿದಳು.

"ಅಲ್ಲಿ ಅಷ್ಟು ಚೆನ್ನಾಗಿ ಕೆಮ್ಮಿದೆ. ಇಲ್ಲಿ ಯಾಕೆ ನಾಚಿಕೆ? ಆರುನೂರು ಜನ ಕೇಳಿದಾರೆ. ಇವರೂ ಕೇಳಲಿ. ಕೆಮ್ಮು."

ಅಕ್ಕ ಕೆಮ್ಮಿದಳು. ಬರದ ಕೆಮ್ಮನ್ನು ಬರಿಸಿಕೊಂಡು ಕೆಮ್ಮಿದಳು.

"ಇನ್ನೊಂದ್ಸಲ. ಜೋರಾಗಿ."

ಡ್ರೈವರೊಬ್ಬ ನಕ್ಕ. ಆಮೇಲೆ ನಾಲ್ಕೈದು ಜನ ನಕ್ಕರು. ಬರಿಸಿಕೊಂಡ ಕೆಮ್ಮು ನಿಜವಾದ ಕೆಮ್ಮಾಗಿ ತಿರುಗಿ ಅಕ್ಕ ಮೊಣಕಾಲೂರಿ ಕೂತಳು. ಕಣ್ಣಲ್ಲಿ ನೀರು, ಬಾಯಲ್ಲಿ ನೊರೆ. ಚಿಕ್ಕಿ ಪಕ್ಕದಲ್ಲೇ ನಿಂತಿದ್ದಳು. ನಿಲ್ಲಿಸಿ ಅನ್ನಲಿಲ್ಲ. ಅಕ್ಕನ ಬೆನ್ನು ನೀವಲೂ ಕೈ ಏಳಲಿಲ್ಲ. ಆ ಕೈಯನ್ನು ಅವಳು ಮುಂದೆಂದೂ ಕ್ಷಮಿಸಲಿಲ್ಲ.

ಅಂದು ಗೇಟು ದಾಟಿದ ಮೇಲೂ ಅಕ್ಕ ಮಾತಾಡಲಿಲ್ಲ. ಮರುವಾರದಿಂದ ಒದ್ದೆ ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಇಳಿಯತೊಡಗಿದಳು.

ಆಮೇಲೆ ಆ ಭಾನುವಾರ ಬಂತು.

ಬೆಳಗಿನ ಕಾರ್ಯಕ್ರಮ. ದೊಡ್ಡ ಗಾಯಕಿ. ಧ್ವನಿಮುದ್ರಣ ಬೇರೆ. ಓಣಿಯ ತುಂಬ ಹಾವಿನ ಹಾಗೆ ವೈರುಗಳು. ರೆಕಾರ್ಡಿಂಗ್‌ನವನು ಕಿವಿಗೆ ಬಟ್ಟಲು ಹಾಕಿಕೊಂಡು ಯಂತ್ರದ ಮುಂದೆ ಕೂತಿದ್ದ. ಮ್ಯಾನೇಜರ್ ಬಾಗಿಲ ಬಳಿ ಬಂದು ಬೆರಳು ತೋರಿಸಿದ.

"ಇವತ್ತು ಮಧ್ಯಂತರ ಇಲ್ಲ. ಎರಡೂವರೆ ತಾಸು ಒಂದೇ ಪಟ್ಟು. ಉಸಿರಾಡಿದ್ರೂ ರೆಕಾರ್ಡ್ ಆಗುತ್ತೆ. ಗೊತ್ತಾಯ್ತಾ?" ವಾಚ್‌ಮನ್ ತಾತನ ಕಡೆ ತಿರುಗಿದ. "ಯಾರು ಏನಂದ್ರೂ ಚಿಲಕ ತೆಗೀಬೇಡ. ತೆಗೆದ್ರೆ ನಿನ್ನ ಕೆಲಸಾನೂ ಅದರ ಜೊತೆಗೇ ಹೋಯ್ತು ಅನ್ಕೋ."

ತಾತ ಚಿಲಕ ಹಾಕಿದ.

ಒಂದು ತಾಸು ಎಲ್ಲವೂ ಎಂದಿನಂತೆ. ಅಕ್ಕ ಮೊಗೆದು ಕೊಡುತ್ತಿದ್ದಳು. ಚಿಕ್ಕಿ ಹತ್ತಿ ಸುರಿಯುತ್ತಿದ್ದಳು. ಆಮೇಲೆ ತೊಟ್ಟಿಯ ನೀರು ಇಳಿಯುವುದು ನಿಂತಿತು. ಕೊಳವೆಯ ಬಾಯಿಗೆ ಏನೋ ಸಿಕ್ಕಿಕೊಂಡಿತ್ತು. ಸುರಿದದ್ದೆಲ್ಲ ತುಳುಕಿ ಮೆಟ್ಟಿಲ ಮೇಲೆ ವಾಪಸು ಹರಿಯಿತು. ಕೆಳಗೆ ಗುಂಡಿಯೂ ಏರುತ್ತಿತ್ತು. ಕಾಲ ಗಂಟು ಮುಳುಗಿತು. ಗೋಡೆಯ ಅಂಚಿನಲ್ಲಿ ಮೇಲಿನ ವೈರುಗಳು ಹಾದಿದ್ದವು. ನೀರು ಅಲ್ಲಿಗೆ ಮುಟ್ಟಿದರೆ ಕರೆಂಟು ಹೊಡೆಯುತ್ತಿತ್ತು.

ಚಿಕ್ಕಿ ಬಾಗಿಲನ್ನು ಉಗುರಿನಿಂದ ಕೆರೆದಳು. ಮೆಲ್ಲಗೆ ಬಡಿದಳು. ಆಚೆಯಿಂದ ತಾತನ ದನಿ ಪಿಸುಗುಟ್ಟಿತು. "ಸುಮ್ನಿರಮ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

ಅಕ್ಕ ಕೈಸನ್ನೆ ಮಾಡಿದಳು. ನಾನು ಇಳಿದು ತೆಗೀತೀನಿ. ಚಿಕ್ಕಿ ತಲೆಯಲ್ಲಾಡಿಸಿದಳು, ಬೇಡ. ಅಕ್ಕ ಬಾಯಿಯ ಬಟ್ಟೆ ಬಿಗಿ ಮಾಡಿಕೊಂಡು ತೊಟ್ಟಿಯೊಳಗೆ ಇಳಿದಳು. ಎದೆಮಟ್ಟ ನೀರು. ಕಾಲಲ್ಲಿ ತಡವಿದಳು, ಬಗ್ಗಿ ಕೈ ಹಾಕಿದಳು. ಅಡಿಯ ರಾಡಿ ಕದಡಿತು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಕೊಳೆತ ಮೊಟ್ಟೆಯ ನಾತ ಒಮ್ಮೆಗೇ ಎದ್ದು ಚಿಕ್ಕಿಯ ಮೂಗನ್ನು ಒದೆಯಿತು. ಅಕ್ಕ ಕೈ ಮೇಲೆತ್ತಿದಳು. ಕೈಯಲ್ಲಿ ಚಿಂದಿಯ ಉಂಡೆ ಇತ್ತು. ಸಿಕ್ತು ಅನ್ನುವ ಹಾಗೆ ಚಿಕ್ಕಿಯ ಮುಖ ನೋಡಿದಳು. ನೋಡಿದ ಕಣ್ಣು ಹಾಗೇ ಮೇಲಕ್ಕೆ ಹೊರಳಿತು. ಗೋಡೆಗೆ ಒರಗಿದಳು. ಮುಳುಗಿದಳು.

ಚಿಕ್ಕಿ ಒಂದು ಕಾಲು ಇಳಿಸಿದಳು. ತಲೆ ಗಿರ್ ಎಂದಿತು. ಎಳೆದುಕೊಂಡಳು. ತೊಟ್ಟಿಯ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ ಕೈಗೆ ಸಿಕ್ಕಿತು. ಮಲಗಿ, ಉಸಿರು ಬಿಗಿಹಿಡಿದು, ನೀರಲ್ಲಿ ಕೊಕ್ಕೆ ಆಡಿಸಿದಳು. ಬಟ್ಟೆಗೆ ಸಿಕ್ಕಿತು. ಜಗ್ಗಿದಳು. ಅಕ್ಕನ ತಲೆ ಮೇಲೆ ಬಂತು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕಿತ್ತು ಎಸೆದಳು. ತಲೆಯನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿದಳು. ಪೂರ್ತಿ ಎತ್ತಲು ಆಗಲಿಲ್ಲ. ಒದ್ದೆ ಮೈ, ಜಾರುವ ಮೈ, ತನಗಿಂತ ಭಾರದ ಮೈ.

"ತಾತಾ! ಬಾಗಿಲು ತೆಗಿ! ಅಕ್ಕ ಸಾಯ್ತಿದಾಳೆ!"

ಅವರು ಇಳಿಯತೊಡಗಿದ ಐದು ವರ್ಷದಲ್ಲಿ ಆ ನೆಲಮಾಳಿಗೆ ಕೇಳಿದ ಮೊದಲ ಕೂಗು ಅದು. ಚಿಲಕ ಅಲುಗಲಿಲ್ಲ. ಮೇಲೆ ವಾದ್ಯಗಳೆಲ್ಲ ಒಟ್ಟಿಗೆ ಏರಿದ್ದವು. ಕೂಗು ಅದರಲ್ಲಿ ಕರಗಿತು. ಒಂದು ಕೈಯಲ್ಲಿ ಅಕ್ಕನ ಕೂದಲು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಕೊಕ್ಕೆ ಎತ್ತಿ ತಲೆಯ ಮೇಲಿನ ಕಬ್ಬಿಣದ ಕೊಳವೆಗೆ ಬಡಿದಳು. ಆ ಕೊಳವೆ ನೇರ ವೇದಿಕೆಯ ಅಡಿಗೆ ಹೋಗಿತ್ತು. ಬಡಿದಳು. ಬಡಿದಳು. ಕೈ ಮರಗಟ್ಟಿತು. ಬಡಿದಳು.

ಹಾಡು ನಿಂತಿತು.

ಚಿಕ್ಕಿಗೆ ಅದು ಕೇಳಿಸಿತು. ವಾದ್ಯಗಳು ಒಂದೊಂದಾಗಿ ನಿಂತವು. ಮೇಲೆ ಹೆಜ್ಜೆಗಳ ಸದ್ದು. ಬಂದರು, ಬರ್ತಾರೆ ಅಂದುಕೊಂಡಳು. ಇನ್ನೂ ಜೋರಾಗಿ ಬಡಿದಳು. ಮೈಕಿನಲ್ಲಿ ಮ್ಯಾನೇಜರನ ದನಿ ಕೇಳಿಸಿತು. ಮಾತು ಸ್ಪಷ್ಟವಾಗಲಿಲ್ಲ. ಏನೋ ತಮಾಷೆ ಮಾಡಿದನೆಂದು ಕಾಣುತ್ತದೆ, ಆರುನೂರು ಜನ ನಕ್ಕರು. ಆಮೇಲೆ ಚಪ್ಪಾಳೆ. ಆಮೇಲೆ ಹಾಡು ಮತ್ತೆ ಶುರುವಾಯಿತು. ಈ ಸಲ ಮೊದಲಿಗಿಂತ ಗಟ್ಟಿಯಾಗಿ.

ಬಾಗಿಲು ತೆರೆದದ್ದು ಕೊನೆಯ ಚಪ್ಪಾಳೆಯ ನಂತರ.

ಅಕ್ಕನನ್ನು ಮುಂದಿನ ಬಾಗಿಲಿಂದ ಒಯ್ಯಲು ಬಿಡಲಿಲ್ಲ. ಅಲ್ಲಿ ಜನ ಗಾಯಕಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಸ ಸಾಗಿಸುವ ಗೇಟಿನಿಂದ, ಕ್ಯಾಂಟೀನಿನ ಸಾಮಾನು ತರುವ ಗಾಡಿಯಲ್ಲಿ ಹಾಕಿ ಕಳಿಸಿದರು. ವಾಚ್‌ಮನ್ ತಾತ ಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿಬಂದು ನಿಂತುಬಿಟ್ಟ.

ಅಕ್ಕ ಸಾಯಲಿಲ್ಲ.

ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು ಎಂದು ಚಿಕ್ಕಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಅನಿಸಿದ ಮೇಲೆ ಕೆನ್ನೆ ಕೆನ್ನೆ ಹೊಡೆದುಕೊಳ್ಳುತ್ತಿದ್ದಳು. "ಮಿದುಳಿಗೆ ಗಾಳಿ ಹೋಗಿಲ್ಲ. ತುಂಬಾ ಹೊತ್ತು ಹೋಗಿಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. ಅಕ್ಕ ಕಣ್ಣು ತೆರೆದಿರುತ್ತಿದ್ದಳು. ನೋಡುತ್ತಿರಲಿಲ್ಲ. ಗಂಜಿ ಕೊಟ್ಟರೆ ನುಂಗುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಮಾತಿನ ಮಲ್ಲಿಯ ಬಾಯಿಂದ ಜೊಲ್ಲು ಬಿಟ್ಟರೆ ಇನ್ನೇನೂ ಬರಲಿಲ್ಲ. ಚಿಕ್ಕಿ ಅವಳನ್ನು ತೊಳೆದಳು, ಮಗ್ಗುಲು ಹೊರಳಿಸಿದಳು, ಕಿವಿಯ ಬಳಿ ಬಾಯಿಟ್ಟು ಅಕ್ಕನ ಹಳೆಯ ತಮಾಷೆಗಳನ್ನೇ ಹೇಳಿದಳು. ತಾನು ಹೇಳಿದರೆ ಅವು ನಗು ತರುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ವಿಚಾರಣೆ ಎಂದು ಕರೆದರು. ಪಕ್ಕದ ಮನೆಯ ಅಜ್ಜಿಯನ್ನು ಅಕ್ಕನ ಬಳಿ ಕೂರಿಸಿ ಚಿಕ್ಕಿ ಹೋದಳು. ಮ್ಯಾನೇಜರನ ಕೋಣೆ. ಕಾರ್ಮಿಕ ಇಲಾಖೆಯ ಅಧಿಕಾರಿ ಮ್ಯಾನೇಜರನ ಕುರ್ಚಿಯಲ್ಲೇ ಕೂತಿದ್ದರು. ಕೆಟ್ಟ ಮನುಷ್ಯನಲ್ಲ. "ಕೂತ್ಕೊಳ್ಳಮ್ಮ" ಎಂದರು. ಆ ಕೋಣೆಯಲ್ಲಿ ಅವಳಿಗೆ ಕೂರಲು ಹೇಳಿದ ಮೊದಲ ಮನುಷ್ಯ.

ಮ್ಯಾನೇಜರ್ ಕಾಗದ ಓದಿದ. ಇಬ್ಬರೂ ಸಭಾಂಗಣದ ನೌಕರರಲ್ಲ, ಗುತ್ತಿಗೆಯವರು. ತೊಟ್ಟಿಗೆ ಇಳಿಯಲು ಯಾರೂ ಹೇಳಿರಲಿಲ್ಲ, ತಾವಾಗಿಯೇ ಇಳಿದರು. ಬಾಗಿಲು ತೆರೆದೇ ಇತ್ತು. ಸಹಾಯಕ್ಕೆ ಕೂಗಿದ್ದಾಗಲಿ ಬಡಿದದ್ದಾಗಲಿ ಯಾರಿಗೂ ಕೇಳಿಸಿಲ್ಲ.

"ಸುಳ್ಳು" ಎಂದಳು ಚಿಕ್ಕಿ. "ಹಾಡು ನಿಂತಿತ್ತು ಸಾರ್. ನಾನು ಬಡಿದಿದ್ದಕ್ಕೇ ನಿಂತಿತ್ತು."

ಅಧಿಕಾರಿ ತಾತನ ಕಡೆ ನೋಡಿದರು. ತಾತ ನೆಲ ನೋಡಿದ. "ನನಗೆ ಕಿವಿ ಸ್ವಲ್ಪ ಮಂದ ಸಾಮಿ" ಎಂದ.

ಗಾಯಕಿ ಪ್ರವಾಸದಲ್ಲಿದ್ದರು. ಪತ್ರ ಕಳಿಸಿದ್ದರು. ಏನೋ ತಾಂತ್ರಿಕ ತೊಂದರೆ ಎಂದು ನನಗೆ ಹೇಳಿದರು, ಹೆಚ್ಚಿಗೆ ತಿಳಿಯದು, ಆ ತಾಯಿಗೆ ಬೇಗ ಗುಣವಾಗಲಿ.

"ಯಂತ್ರ ಇತ್ತಲ್ಲ ಸಾರ್" ಎಂದಳು ಚಿಕ್ಕಿ. ಎದ್ದು ನಿಂತಿದ್ದಳು. "ಉಸಿರಾಡಿದ್ರೂ ರೆಕಾರ್ಡ್ ಆಗುತ್ತೆ ಅಂತ ಇವರೇ ಅಂದ್ರು. ಹಾಕ್ಸಿ ಸಾರ್. ಅದು ಸುಳ್ಳು ಹೇಳಲ್ಲ."

ಅಧಿಕಾರಿ ಹಾಕಿ ಎಂದರು. ರೆಕಾರ್ಡಿಂಗ್‌ನವನನ್ನು ಕರೆಸಿದರು. ಅವನು ಮೇಜಿನ ಮೇಲೆ ಸಣ್ಣ ಪೆಟ್ಟಿಗೆ ಇಟ್ಟು ಗುಂಡಿ ಒತ್ತಿದ. ಹಾಡು ಬಂತು. ಅದನ್ನು ಚಿಕ್ಕಿ ಕೆಳಗಿನಿಂದಷ್ಟೇ ಕೇಳಿದ್ದಳು, ಹಲಗೆಯ ಅಡಿಯಿಂದ, ಮಣ್ಣಿನ ಜೊತೆ. ಇಲ್ಲಿ ಅದು ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಅಧಿಕಾರಿಯ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ ತಾಳ ಹಾಕಿದವು. ಮ್ಯಾನೇಜರ್ ಕಣ್ಣು ಮುಚ್ಚಿದ.

ವಾದ್ಯಗಳೆಲ್ಲ ಏರಿದವು. ಅದೇ ಜಾಗ. ಚಿಕ್ಕಿ ಮೇಜಿನ ಅಂಚು ಹಿಡಿದುಕೊಂಡಳು.

ಹಾಡು ನಿಲ್ಲಲಿಲ್ಲ.

ಏರಿದ್ದು ಇಳಿಯಿತು, ಮುಂದಕ್ಕೆ ಹೋಯಿತು. ಬಡಿತವಿಲ್ಲ. ನಗುವಿಲ್ಲ. ಮೈಕಿನ ಮಾತಿಲ್ಲ. ಎಲ್ಲಿಯೂ ಒಂದು ಬಿರುಕಿಲ್ಲ.

"ಇಲ್ಲಿ ನಿಂತಿತ್ತು" ಎಂದಳು. "ಇಲ್ಲೇ ಸಾರ್. ವಾಪಸ್ ಹಾಕ್ಸಿ. ಇಲ್ಲಿ ನಿಂತಿತ್ತು."

ವಾಪಸು ಹಾಕಿದರು. ನಿಲ್ಲಲಿಲ್ಲ.

"ಏನಾದ್ರೂ ತೆಗೆದಿದ್ದೀರಾ?" ಅಧಿಕಾರಿ ಕೇಳಿದರು.

ರೆಕಾರ್ಡಿಂಗ್‌ನವನು ಪೆಟ್ಟಿಗೆ ಆರಿಸಿದ. "ಕ್ಲೀನ್ ಮಾಡಿಕೊಡಿ ಅಂದ್ರು. ಮಾಡಿದ್ವಿ. ತೆಗೆದಿದ್ದನ್ನ ಇಟ್ಕೊಳ್ಳೋದಿಲ್ಲ."

"ಎಲ್ಲರೂ ಮಾಡೋದೇ ಸಾರ್" ಎಂದ ಮ್ಯಾನೇಜರ್. "ಜನ ಕೆಮ್ಮೋದು, ಕುರ್ಚಿ ಕಿರುಗುಟ್ಟೋದು, ಫೋನ್ ಹೊಡ್ಕೊಳ್ಳೋದು. ಬೇಡದ ಸದ್ದು. ಅದನ್ನ ಯಾರು ದುಡ್ಡು ಕೊಟ್ಟು ಕೇಳ್ತಾರೆ?"

ರೆಕಾರ್ಡಿಂಗ್‌ನವನು ಒಮ್ಮೆ ಚಿಕ್ಕಿಯ ಕಡೆ ನೋಡಿದ. ಅವನಿಗೆ ಗೊತ್ತಿತ್ತು. ಆ ಬಡಿತವನ್ನು ಅವಳಷ್ಟೇ ಹತ್ತಿರದಿಂದ ಕೇಳಿದವನು ಅವನೊಬ್ಬನೇ. ಒಂದೊಂದನ್ನೇ ಹುಡುಕಿ, ಹಿಡಿದು, ಕತ್ತರಿಸಿದವನು. ಕಣ್ಣು ಬೇರೆಡೆ ತಿರುಗಿಸಿದ.

ಅಧಿಕಾರಿ ಬರೆದರು. ಬಹಳ ಹೊತ್ತು ಬರೆದರು. ಆಮೇಲೆ ಓದಿ ಹೇಳಿದರು: ಧ್ವನಿಮುದ್ರಣ ಪರಿಶೀಲಿಸಲಾಯಿತು, ಯಾವುದೇ ಅಸಹಜ ಶಬ್ದ ಕಂಡುಬಂದಿಲ್ಲ. ಇಂಕಿನ ಪ್ಯಾಡನ್ನು ಅವಳ ಮುಂದೆ ಸರಿಸಿದರು.

"ಹೆಬ್ಬೆಟ್ಟು ಒತ್ತಮ್ಮ."

"ನನಗೆ ಬರೆಯೋಕೆ ಬರುತ್ತೆ" ಎಂದಳು ಚಿಕ್ಕಿ.

ಅಧಿಕಾರಿ ಪೆನ್ನು ಕೊಟ್ಟರು. ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಬರುತ್ತೆ. ಇದಕ್ಕೆ ಬರೆಯಲ್ಲ."

"ಹಟ ಮಾಡಬೇಡ. ನೀನು ಸಹಿ ಹಾಕಿದ್ರೂ ಹಾಕದಿದ್ರೂ ಇದು ಮುಗಿಯುತ್ತೆ. ಹಾಕಿದ್ರೆ ಏನೋ ಒಂದಿಷ್ಟು ಪರಿಹಾರ ಅಂತ ಕೊಡಿಸಬಹುದು. ನಿಮ್ಮಕ್ಕನ ಔಷಧಕ್ಕಾಗುತ್ತೆ."

"ನನ್ನ ಅಕ್ಕ ಸುಮ್ಮನೆ ಮುಳುಗಿದ್ಲು ಅಂತ ನಾನೇ ಬರ್ಕೊಡ್ಬೇಕಾ? ನಾನು ಸುಮ್ಮನೆ ನೋಡ್ತಾ ನಿಂತಿದ್ದೆ ಅಂತ? ಒಂದ್ಸಲ ನಿಂತಿದ್ದೆ ಸಾರ್. ಇವರು ಅವಳನ್ನ ಅಂಗಳದಲ್ಲಿ ಕೆಮ್ಮಿಸಿದಾಗ ನಿಂತಿದ್ದೆ. ಆ ಭಾನುವಾರ ನಿಲ್ಲಲಿಲ್ಲ. ಕೈ ಬಿದ್ದೋಗೋ ತನಕ ಬಡಿದೆ. ಅದನ್ನ ಇಲ್ಲ ಅನ್ನಲ್ಲ ನಾನು."

"ಹಾಗಾದ್ರೆ ಸಹಿಗೆ ನಿರಾಕರಿಸಿದರು ಅಂತ ಬರೀಬೇಕಾಗುತ್ತೆ."

"ಬರ್ಕೊಳ್ಳಿ. ಯಾಕೆ ಅಂತಾನೂ ಬರ್ಕೊಳ್ಳಿ."

ಅಧಿಕಾರಿ ಕಾಗದವನ್ನು ತಿರುಗಿಸಿ ನೋಡಿದರು. ನಿಜವಾಗಿಯೂ ಹುಡುಕಿದರು.

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ" ಎಂದರು.

ಚಿಕ್ಕಿ ಹೊರಗೆ ಬಂದಳು. ಓಣಿಯಲ್ಲಿ ಮಧ್ಯಾಹ್ನದ ಕಾರ್ಯಕ್ರಮಕ್ಕೆ ವಾದ್ಯದ ಪೆಟ್ಟಿಗೆಗಳು ಬಂದಿಳಿಯುತ್ತಿದ್ದವು. ನೆಲಮಾಳಿಗೆಯ ಬಾಗಿಲ ಬಳಿ ಒಬ್ಬಳು ಹೆಂಗಸು ಚಪ್ಪಲಿ ಬಿಡುತ್ತಿದ್ದಳು. ವಯಸ್ಸು ಮೂವತ್ತಿರಬಹುದು. ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಗಂಟಿಗೆ ಹಾಕಿಕೊಂಡಳು. ಪಕ್ಕದಲ್ಲಿ ಹೊಸ ರಬ್ಬರ್ ಬಕೆಟ್.

ಚಿಕ್ಕಿ ಅಡ್ಡ ನಿಂತಳು. "ಇಳೀಬೇಡ."

"ದಾರಿ ಬಿಡಕ್ಕ. ಹೊತ್ತಾಯ್ತು."

"ಅಲ್ಲಿ ಏನಾಯ್ತು ಅಂತ ಗೊತ್ತಾ ನಿನಗೆ?"

"ಗೊತ್ತು. ಅದಕ್ಕೇ ಜಾಗ ಖಾಲಿ ಆಯ್ತು ಅಂದ್ರು."

ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಭಯವೂ ಇರಲಿಲ್ಲ. ತಿಂಗಳುಗಟ್ಟಲೆ ಬಾಗಿಲು ಬಾಗಿಲು ತಟ್ಟಿ ಬಂದ ಮುಖ. ಅದು ಚಿಕ್ಕಿಗೆ ಗೊತ್ತಿದ್ದ ಮುಖ. ಎದೆಯಲ್ಲಿ ಇಟ್ಟುಕೊಂಡಿದ್ದ ಬೈಗುಳ, ಶಾಪಗಳನ್ನು ಇವಳ ಮೇಲೆ ಸುರಿಯಲು ಆಗಲಿಲ್ಲ. ಮೆಲ್ಲಗೆ ಪಕ್ಕಕ್ಕೆ ಸರಿದಳು.

"ಮೂರನೇ ಮೆಟ್ಟಿಲು ಜಾರುತ್ತೆ" ಎಂದಳು. "ಬಲಗಡೆ ಗೋಡೆ ಹಿಡ್ಕೊಂಡು ಹತ್ತು. ಕೊಳವೆ ಕಟ್ಟಿದ್ರೆ ತೊಟ್ಟಿಗೆ ಇಳೀಬೇಡ, ನೀರು ಕತ್ತಿನ ತನಕ ಬರಲಿ, ಇಳೀಬೇಡ. ಬಾಯಿಗೆ ಬಟ್ಟೆ ಕಟ್ಕೋಬೇಡ. ಕೆಮ್ಮು ಬಂದ್ರೆ ಕೆಮ್ಮು. ತಲೆ ತಿರುಗಿದ್ರೆ ಕೂಗು. ಯಾರು ಏನಂದ್ರೂ ಕೂಗು."

ಹೆಂಗಸು ಬಕೆಟ್ ಎತ್ತಿಕೊಂಡಳು. ಒಂದು ಕಾಲು ಒಳಗಿಟ್ಟು ತಿರುಗಿದಳು.

"ಕೂಗಿದ್ರೆ ಬರ್ತಾರಾ ಅಕ್ಕ?"

ಸುಳ್ಳು ಹೇಳಿದ್ದರೆ ಅವಳಿಗೆ ಒಂದಿಷ್ಟು ಧೈರ್ಯವಾದರೂ ಆಗುತ್ತಿತ್ತು. ಚಿಕ್ಕಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ. ಹೆಂಗಸು ತಲೆ ಬಗ್ಗಿಸಿ ಕೆಳಗಿಳಿದಳು.